ಪದವಿಯ ಹೆಸರಿನಲ್ಲಿ ಮರೆತುಹೋದ ಅರ್ಧ

ಪ್ರತಿ ವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಹಾಗೂ ವೃತ್ತಿ ಶಿಕ್ಷಣ ಪ್ರವೇಶ ಪರೀಕ್ಷೆಗಳ ರ‍್ಯಾಂಕ್ ಪ್ರಕಟವಾದ ಕೂಡಲೇ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ಪಟ್ಟಿ ಸಿದ್ಧವಾಗುತ್ತದೆ. ಜೀವವಿಜ್ಞಾನ ಓದಿದ ಮಕ್ಕಳಿಗೆ ಮೊದಲು ಎಂಬಿಬಿಎಸ್, ಅದು ದೊರೆಯದಿದ್ದರೆ ದಂತ ವೈದ್ಯಕೀಯ ಅಥವಾ ಆಯುರ್ವೇದ. ಇವುಗಳ ಆಸುಪಾಸಿನಲ್ಲೆಲ್ಲೋ ಪಶುವೈದ್ಯಕೀಯ. ಬಯಸಿ ಆರಿಸಿಕೊಳ್ಳುವವರು ಇಲ್ಲವೆಂದಲ್ಲ. ಆದರೆ ‘ವೈದ್ಯಕೀಯ ಸೀಟು ತಪ್ಪಿತು, ಇದಾದರೂ ಸಿಕ್ಕಿತಲ್ಲ’ ಎಂಬ ಸಮಾಧಾನದಿಂದ ಸೇರುವವರ ಸಂಖ್ಯೆ ಸಣ್ಣದಲ್ಲ. ‘ದನದ ಡಾಕ್ಟರ್’ ಎಂಬ ಮಾತನ್ನು ಹಳ್ಳಿಯವರು ಗೌರವದಿಂದ ಆಡುತ್ತಾರೆ. ಪಟ್ಟಣದವರ ಬಾಯಲ್ಲಿ ಅದೇ ಮಾತು ತುಸು ನಗೆಯೊಡನೆ ಬರುತ್ತದೆ.

ಗೌರವಿಸುವವರೂ ನಗುವವರೂ ಗಮನಿಸದೆ ಬಿಟ್ಟ ಸಂಗತಿಯೊಂದು ಆ ಪದವಿಯ ಹೆಸರಿನಲ್ಲೇ ಇದೆ. ಬಿ.ವಿ.ಎಸ್‌ಸಿ. ಎಂದು ನಾವು ಚಿಕ್ಕದಾಗಿ ಕರೆಯುವ ಪದವಿಯ ಪೂರ್ಣ ಹೆಸರು ‘ಪಶುವೈದ್ಯಕೀಯ ವಿಜ್ಞಾನ ಮತ್ತು ಪಶುಸಂಗೋಪನೆ’. ಮೊದಲರ್ಧ ಕಾಯಿಲೆ ಬಿದ್ದ ಪ್ರಾಣಿಗೆ ಸಂಬಂಧಿಸಿದ್ದು. ಎರಡನೆಯ ಅರ್ಧ ಕಾಯಿಲೆ ಇಲ್ಲದ ಪ್ರಾಣಿಗೆ ಸಂಬಂಧಿಸಿದ್ದು: ಅದರ ಮೇವು, ತಳಿ, ಕೊಟ್ಟಿಗೆ, ಗರ್ಭಧಾರಣೆ, ಕರುವಿನ ಪಾಲನೆ, ಇವೆಲ್ಲದರ ಖರ್ಚು ಮತ್ತು ಆದಾಯ. ನಮ್ಮ ಸಮಾಜ, ನಮ್ಮ ಸರ್ಕಾರಿ ಇಲಾಖೆಗಳು, ಕೊನೆಗೆ ಪದವೀಧರರೂ ಮೊದಲರ್ಧವನ್ನೇ ಇಡೀ ಪದವಿ ಎಂದು ತಿಳಿದು ನಡೆಯುತ್ತಿರುವುದರಿಂದ ಆಗುತ್ತಿರುವ ನಷ್ಟ ದೊಡ್ಡದು. ಆ ನಷ್ಟವನ್ನು ಹೊರುತ್ತಿರುವವರು ಹಾಲು ಕರೆದು ಬದುಕುವ ಸಣ್ಣ ಕುಟುಂಬಗಳು.

2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿರುವ ಜಾನುವಾರುಗಳ ಸಂಖ್ಯೆ 53.5 ಕೋಟಿಗೂ ಹೆಚ್ಚು. ಇವುಗಳಲ್ಲಿ ದನಗಳು 19 ಕೋಟಿಗೂ ಅಧಿಕ, ಎಮ್ಮೆಗಳು ಸುಮಾರು 11 ಕೋಟಿ, ಮೇಕೆಗಳು ಸುಮಾರು 15 ಕೋಟಿ. ಹಾಲಿನ ಉತ್ಪಾದನೆಯಲ್ಲಿ ಭಾರತ 1990ರ ದಶಕದ ಕೊನೆಯಿಂದ ಜಗತ್ತಿನಲ್ಲೇ ಮೊದಲ ಸ್ಥಾನದಲ್ಲಿದೆ. 2023-24ರಲ್ಲಿ ಅದು ಸುಮಾರು 23.9 ಕೋಟಿ ಟನ್. ಈ ದೊಡ್ಡ ಅಂಕಿಗಳ ಹಿಂದಿರುವುದು ದೊಡ್ಡ ಫಾರಂಗಳಲ್ಲ. ಒಂದೆರಡು ಹಸು ಕಟ್ಟಿಕೊಂಡ ಸಣ್ಣ ಹಿಡುವಳಿದಾರರು, ಭೂಮಿಯೇ ಇಲ್ಲದ ಕೂಲಿಕಾರರು, ಬೆಳಿಗ್ಗೆ ಮತ್ತು ಸಂಜೆ ಕ್ಯಾನು ಹಿಡಿದು ಡೇರಿಯ ಮುಂದೆ ಸಾಲು ನಿಲ್ಲುವ ಹೆಂಗಸರು. ಮಳೆ ಕೈಕೊಟ್ಟ ವರ್ಷ ಕೋಲಾರದಲ್ಲಾಗಲಿ ತುಮಕೂರಿನಲ್ಲಾಗಲಿ ಹೊಲ ಕೊಡದ ಹಣವನ್ನು ಹಸು ಕೊಟ್ಟಿದೆ. ಶಾಲೆಯ ಶುಲ್ಕ, ಅಂಗಡಿಯ ಸಾಲ, ಆಸ್ಪತ್ರೆಯ ಖರ್ಚು ಎಲ್ಲವೂ ಡೇರಿಯ ಬಟವಾಡೆಯನ್ನು ನೆಚ್ಚಿಕೊಂಡಿರುವ ಮನೆಗಳು ಲಕ್ಷಗಟ್ಟಲೆ ಇವೆ. ಅಂಥ ಮನೆಯಲ್ಲಿ ಒಂದು ಹಸು ಸತ್ತರೆ ಸಂಬಳ ನಿಂತಂತೆ. ಹಸು ಬದುಕಿದ್ದೂ ಗಬ್ಬವಾಗದೆ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ಮೇಯುತ್ತಾ ನಿಂತರೆ ಅರ್ಧ ಸಂಬಳ ನಿಂತಂತೆ. ಮೊದಲನೆಯ ನಷ್ಟ ಸುದ್ದಿಯಾಗುತ್ತದೆ, ಎರಡನೆಯದು ಆಗುವುದಿಲ್ಲ.

ಪಶುವೈದ್ಯಕೀಯಕ್ಕೆ ಚಿಕಿತ್ಸೆಯೇ ಮುಖ್ಯವಾದದ್ದಕ್ಕೆ ಇತಿಹಾಸದಲ್ಲಿ ತಕ್ಕ ಕಾರಣವಿದೆ. 1761ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಕ್ಲೋಡ್ ಬೂರ್ಗೆಲಾ ಆರಂಭಿಸಿದ ಜಗತ್ತಿನ ಮೊದಲ ಪಶುವೈದ್ಯ ಶಾಲೆಯ ಹಿಂದೆ ಇದ್ದುದು ಕುದುರೆಗಳ ಆರೈಕೆ ಮತ್ತು ದನಗಳನ್ನು ಊರೂರಿನಲ್ಲಿ ಉರುಳಿಸುತ್ತಿದ್ದ ದೊಡ್ಡರೋಗದ ಭಯ. ನಮ್ಮಲ್ಲಿಯೂ ಅಷ್ಟೇ. 1889ರಲ್ಲಿ ಪುಣೆಯಲ್ಲಿ ಆರಂಭವಾಗಿ ಮುಂದೆ ಹಿಮಾಲಯದ ಮುಕ್ತೇಶ್ವರಕ್ಕೆ ಹೋದ ಪ್ರಯೋಗಾಲಯವೇ ಇಂದಿನ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಮೂಲ. ಮೈಸೂರು ಸಂಸ್ಥಾನ 1920ರ ದಶಕದಲ್ಲೇ ಬೆಂಗಳೂರಿನಲ್ಲಿ ಸೀರಂ ಸಂಸ್ಥೆ ಸ್ಥಾಪಿಸಿತು. ಹೆಬ್ಬಾಳದಲ್ಲಿರುವ ಪಶು ಲಸಿಕೆಗಳ ಸಂಸ್ಥೆ ಅದರ ಮುಂದುವರಿಕೆ. ಈ ಶ್ರಮ ವ್ಯರ್ಥವಾಗಲಿಲ್ಲ. ಊರಿಗೆ ಊರೇ ದನಗಳನ್ನು ಕಳೆದುಕೊಳ್ಳುತ್ತಿದ್ದ ದೊಡ್ಡರೋಗದಿಂದ ಭಾರತ 2006ರಲ್ಲಿ ಮುಕ್ತವೆಂದು ಮಾನ್ಯತೆ ಪಡೆಯಿತು. 2011ರಲ್ಲಿ ಇಡೀ ಜಗತ್ತೇ ಆ ರೋಗದಿಂದ ಮುಕ್ತವೆಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ಭೂಮಿಯಿಂದ ಅಳಿಸಿಹಾಕಿದ ಎರಡನೆಯ ರೋಗ ಅದು. ತಂಪುಪೆಟ್ಟಿಗೆಯಲ್ಲಿ ಲಸಿಕೆ ಹೊತ್ತು ಹಳ್ಳಿ ಹಳ್ಳಿ ಸುತ್ತಿದ ಪಶುವೈದ್ಯರ ಹೆಸರುಗಳು ಯಾವ ಫಲಕದಲ್ಲೂ ಇಲ್ಲ.

ಹೆಸರಿನ ಎರಡನೆಯ ಅರ್ಧಕ್ಕೂ ಒಂದು ಇತಿಹಾಸವಿದೆ, ಅದೂ ಬೆಂಗಳೂರಿನಲ್ಲಿ. 1923ರಲ್ಲಿ ಇಲ್ಲಿ ಪಶುಸಂಗೋಪನೆ ಮತ್ತು ಹೈನುಗಾರಿಕೆಗಾಗಿಯೇ ಇಂಪೀರಿಯಲ್ ಸಂಸ್ಥೆ ಆರಂಭವಾಯಿತು. 1927ರಲ್ಲಿ ವಿಶ್ರಾಂತಿಗೆಂದು ಬೆಂಗಳೂರಿನಲ್ಲಿ ತಂಗಿದ್ದ ಮಹಾತ್ಮ ಗಾಂಧಿ ಅಲ್ಲಿಗೆ ಹೋಗಿ ಹಸು ಸಾಕಣೆಯ ಪಾಠ ಕಲಿತರು. ವರ್ಗೀಸ್ ಕುರಿಯನ್ ಅಮೆರಿಕಕ್ಕೆ ತೆರಳುವ ಮುನ್ನ ತರಬೇತಿ ಪಡೆದದ್ದೂ ಅಲ್ಲಿಯೇ. 1955ರಲ್ಲಿ ಅದರ ಕೇಂದ್ರ ಕಚೇರಿ ಹರಿಯಾಣದ ಕರ್ನಾಲ್‌ಗೆ ಸ್ಥಳಾಂತರವಾಗಿ ರಾಷ್ಟ್ರೀಯ ಹೈನುಗಾರಿಕೆ ಸಂಶೋಧನಾ ಸಂಸ್ಥೆಯಾಯಿತು. ಆಡುಗೋಡಿಯಲ್ಲಿ ದಕ್ಷಿಣ ಭಾರತದ ಕೇಂದ್ರ ಉಳಿಯಿತು. ಹಸುವನ್ನು ಸಾಕುವುದು ವಿಶ್ವವಿದ್ಯಾಲಯ ಮಟ್ಟದಲ್ಲಿ ಕಲಿಯಬೇಕಾದ ವಿಜ್ಞಾನ ಎಂಬ ಅರಿವು ಈ ನಗರಕ್ಕೆ ಹೊಸದೇನೂ ಅಲ್ಲ.

ಆ ವಿಜ್ಞಾನ ಇಂದು ಏಕೆ ಬೇಕು ಎಂಬುದಕ್ಕೆ ಕೊಟ್ಟಿಗೆಯ ನಾಲ್ಕು ಉದಾಹರಣೆಗಳು ಸಾಕು. ಹಸು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಆ ಬೆದೆ ಒಂದು ದಿನದೊಳಗೆ ಮುಗಿಯುತ್ತದೆ. ಎಷ್ಟೋ ಹಸುಗಳಲ್ಲಿ ಕೂಗಾಟ, ಚಡಪಡಿಕೆಗಳ ಲಕ್ಷಣವೂ ಕಾಣುವುದಿಲ್ಲ. ಒಮ್ಮೆ ಗಮನಿಸದೆ ಹೋದರೆ ಮತ್ತೆ ಮೂರು ವಾರ ಕಾಯಬೇಕು. ಹೀಗೆ ಎರಡು ಮೂರು ಸಲ ತಪ್ಪಿದರೆ, ವರ್ಷಕ್ಕೊಂದು ಕರು ಹಾಕಬೇಕಾದ ಹಸು ಒಂದೂವರೆಯಿಂದ ಎರಡು ತಿಂಗಳು ತಡವಾಗಿ ಹಾಕುತ್ತದೆ. ಹಸುವಿಗೆ ಯಾವ ರೋಗವೂ ಇರುವುದಿಲ್ಲ, ಆದರೂ ಸಂಸಾರಕ್ಕೆ ನಷ್ಟವಾಗಿರುತ್ತದೆ.

ಎರಡನೆಯದು ಕರು. ಮನುಷ್ಯನ ಮಗುವಿಗೆ ಸಿಗುವಂತೆ ಕರುವಿಗೆ ತಾಯಿಯ ಗರ್ಭದಲ್ಲಿ ರೋಗನಿರೋಧಕ ಶಕ್ತಿ ಸಿಗುವುದಿಲ್ಲ. ಅದು ಸಿಗುವುದು ಗಿಣ್ಣು ಹಾಲಿನಿಂದ ಮಾತ್ರ. ಅದನ್ನು ಹೀರಿಕೊಳ್ಳುವ ಸಾಮರ್ಥ್ಯ ಕರುವಿನ ಕರುಳಿಗೆ ಇರುವುದೂ ಹುಟ್ಟಿದ ಮೊದಲ ಒಂದು ದಿನ ಮಾತ್ರ. ಆ ದಿನದ ಮೊದಲ ಗಂಟೆಗಳೇ ಅಮೂಲ್ಯ. ಮಾಸು ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದು ಎಂಬ ನಂಬಿಕೆ ಇನ್ನೂ ಅನೇಕ ಕಡೆ ಇದೆ. ಹಾಗೆ ಕಾಯಿಸಿದ ಕರು ತಿಂಗಳೊಳಗೆ ಭೇದಿಯಿಂದ ಸತ್ತಾಗ ಔಷಧ ಕೊಟ್ಟ ವೈದ್ಯರನ್ನು ದೂರಿ ಫಲವಿಲ್ಲ. ಕಾರಣ ಮೊದಲ ದಿನದಲ್ಲೇ ಇತ್ತು.

ಮೂರನೆಯದು ಮೇವು. ಹಾಲು ಉತ್ಪಾದನೆಯ ಖರ್ಚಿನಲ್ಲಿ ಶೇ 60ರಿಂದ 70ರಷ್ಟು ಪಾಲು ಮೇವು ಮತ್ತು ಹಿಂಡಿಯದು. ಒಣ ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ. ಅದನ್ನು ಉಪಚರಿಸಿ ಕೊಡುವ ವಿಧಾನ, ಹಸಿರು ಮೇವನ್ನು ರಸಮೇವಾಗಿ ಕೂಡಿಡುವ ಕ್ರಮ, ಕೊಡುವ ಹಾಲಿಗೆ ತಕ್ಕಂತೆ ಹಿಂಡಿಯನ್ನು ಲೆಕ್ಕ ಹಾಕುವುದು ಇವೆಲ್ಲ ಪಠ್ಯದಲ್ಲಿರುವ ಪಾಠಗಳೇ. ರಾಷ್ಟ್ರೀಯ ಹೈನು ಯೋಜನೆಯ ಅಡಿಯಲ್ಲಿ 2019ರವರೆಗೆ ನಡೆದ ಪಡಿತರ ಸಮತೋಲನ ಕಾರ್ಯಕ್ರಮದಲ್ಲಿ ಹಳ್ಳಿಯವರಿಗೇ ತರಬೇತಿ ಕೊಟ್ಟು, ಪ್ರತಿ ಹಸುವಿಗೂ ಏನನ್ನು ಎಷ್ಟು ಹಾಕಬೇಕೆಂದು ಲೆಕ್ಕ ಮಾಡಿಸಲಾಯಿತು. ಖರ್ಚು ತಗ್ಗಿಸಿಯೂ ಹಾಲು ಹೆಚ್ಚಿಸಬಹುದೆಂದು ಅದು ತೋರಿಸಿತು.

ನಾಲ್ಕನೆಯದು ತಳಿ. ಮಲೆನಾಡಿನ ಜಡಿಮಳೆಯಲ್ಲಿ ಗುಡ್ಡ ಹತ್ತಿ ಮೇಯುವ ಮಲೆನಾಡು ಗಿಡ್ಡಕ್ಕೂ ಬೀದರಿನ ಬಿಸಿಲಿಗೆ ಒಗ್ಗಿದ ದೇವಣಿಗೂ ಉಳುಮೆಗೆ ಹೆಸರಾದ ಹಳ್ಳಿಕಾರಿಗೂ ಅವುಗಳದೇ ನೆಲೆ ಇದೆ. ಎಲ್ಲಿ ಮಿಶ್ರತಳಿ ಲಾಭದಾಯಕ, ಎಲ್ಲಿ ಅದು ಸಾಕುವವರ ಶಕ್ತಿಗೆ ಮೀರಿದ ಹೊರೆ ಎಂಬುದನ್ನು ಭಾವಾವೇಶದಿಂದಾಗಲಿ ಸರ್ಕಾರಿ ಗುರಿಗಳಿಂದಾಗಲಿ ನಿರ್ಧರಿಸಲಾಗದು. ಅದಕ್ಕೆ ಆ ಊರಿನ ನೀರು, ಮೇವು, ಮಾರುಕಟ್ಟೆ ಬಲ್ಲ ತಜ್ಞರು ಬೇಕು.

ಹಾಗಾದರೆ ನಮ್ಮ ಕಾಲೇಜುಗಳು ಇದನ್ನು ಕಲಿಸುತ್ತಿಲ್ಲವೇ? ಕಲಿಸುತ್ತಿವೆ. 1958ರಲ್ಲಿ ಆರಂಭವಾದ ಹೆಬ್ಬಾಳದ ಕಾಲೇಜಿನಿಂದ ಹಿಡಿದು ಬೀದರ್, ಹಾಸನ, ಶಿವಮೊಗ್ಗ, ಗದಗ, ಅಥಣಿಗಳವರೆಗೆ ಹರಡಿರುವ ಪಶುವೈದ್ಯಕೀಯ ಕಾಲೇಜುಗಳು 2004ರಲ್ಲಿ ಸ್ಥಾಪನೆಯಾದ ಬೀದರಿನ ಪಶು ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಭಾರತೀಯ ಪಶುವೈದ್ಯಕೀಯ ಪರಿಷತ್ತಿನ 2016ರ ನಿಯಮಾವಳಿಯಂತೆ ಕೋರ್ಸಿನ ಅವಧಿ ಐದೂವರೆ ವರ್ಷ. ಅದರಲ್ಲಿ ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್. ಪಶು ಪೋಷಣೆ, ತಳಿವಿಜ್ಞಾನ, ಜಾನುವಾರು ನಿರ್ವಹಣೆ, ವಿಸ್ತರಣೆ ಎಲ್ಲವೂ ಪಠ್ಯಕ್ರಮದಲ್ಲಿವೆ. ಅಮೆರಿಕದಲ್ಲಿ ಪಶುವಿಜ್ಞಾನವೇ ಪ್ರತ್ಯೇಕ ನಾಲ್ಕು ವರ್ಷಗಳ ಪದವಿ. ಪಶುವೈದ್ಯ ಪದವಿ ಸಾಮಾನ್ಯವಾಗಿ ಅದರ ನಂತರದ್ದು. ನಮ್ಮಲ್ಲಿ ಎರಡನ್ನೂ ಒಂದೇ ಪದವಿಯಲ್ಲಿ ಹೆಣೆದಿರುವುದು ಬಡ ದೇಶವೊಂದಕ್ಕೆ ವಿವೇಕದ ಏರ್ಪಾಡೇ ಆಗಿತ್ತು. ಒಬ್ಬರೇ ಎರಡೂ ಕೆಲಸ ಮಾಡಬೇಕೆಂಬುದು ಅದರ ಆಶಯ.

ತೊಡಕಿರುವುದು ಪದವಿ ಮುಗಿದ ಮೇಲೆ. ಎರಡನೆಯ ಅರ್ಧವನ್ನು ಬಳಸುವ ಉದ್ಯೋಗವನ್ನೇ ನಾವು ಸೃಷ್ಟಿಸಿಲ್ಲ. ಹಳ್ಳಿಯ ಪಶು ಚಿಕಿತ್ಸಾಲಯದ ವೈದ್ಯರ ದಿನಚರಿಯನ್ನು ನೋಡಿದರೆ ಇದು ತಿಳಿಯುತ್ತದೆ. ಚಿಕಿತ್ಸೆ, ಲಸಿಕೆ, ಕೃತಕ ಗರ್ಭಧಾರಣೆಯ ಗುರಿ, ಕಿವಿಗೆ ಓಲೆ ಹಾಕುವುದು, ವಿಮೆಗಾಗಿ ಮರಣೋತ್ತರ ಪರೀಕ್ಷೆ, ಯೋಜನೆಗಳ ಫಲಾನುಭವಿಗಳ ಪಟ್ಟಿ, ಸಭೆಗಳು, ವರದಿಗಳು. ಐದು ಸಾವಿರ ಜಾನುವಾರು ಘಟಕಗಳಿಗೆ ಒಬ್ಬ ಪಶುವೈದ್ಯರಿರಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಶಿಫಾರಸು ಮಾಡಿತ್ತು. ದೇಶದ ಬಹುಭಾಗ ಆ ಮಟ್ಟವನ್ನು ಇಂದಿಗೂ ತಲುಪಿಲ್ಲ. ಇಷ್ಟರ ನಡುವೆ ಆರೋಗ್ಯವಾಗಿರುವ ಹಸುವಿನ ಮುಂದೆ ಕುಳಿತು ಮೇವಿನ ಲೆಕ್ಕ ಹೇಳಲು ಯಾರಿಗೆ ಪುರಸೊತ್ತು? ಹೇಳಿದರೂ ಅದು ಯಾವ ರಿಜಿಸ್ಟರಿನಲ್ಲಿ ದಾಖಲಾಗುತ್ತದೆ? ಎಷ್ಟು ಚುಚ್ಚುಮದ್ದು ಕೊಟ್ಟಿರಿ ಎಂದು ಮೇಲಧಿಕಾರಿ ಕೇಳುತ್ತಾರೆ. ಎಷ್ಟು ಕರು ಬದುಕಿ ಬೆಳೆದವು ಎಂಬ ಪ್ರಶ್ನೆಗೆ ಆ ಕಡತಗಳಲ್ಲಿ ಜಾಗವಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರಬಹುದು, ಅದು ನ್ಯಾಯವಾದದ್ದೇ. ನಡುರಾತ್ರಿ ಕರು ಅಡ್ಡಬಿದ್ದು ಹಸು ಒದ್ದಾಡುತ್ತಿರುವಾಗ ರೈತನಿಗೆ ಬೇಕಾದದ್ದು ಪಶು ಪೋಷಣೆಯ ಉಪನ್ಯಾಸವಲ್ಲ. ಸಾಂಕ್ರಾಮಿಕ ರೋಗಗಳೂ ಮುಗಿದಿಲ್ಲ. 2013ರಲ್ಲಿ ಕಾಲುಬಾಯಿ ಜ್ವರ ಕರ್ನಾಟಕದ ಹಳ್ಳಿಗಳನ್ನು ಹೇಗೆ ಕಾಡಿತೆಂಬುದನ್ನು ಹೈನುಗಾರರು ಮರೆತಿಲ್ಲ. 2022ರಲ್ಲಿ ಚರ್ಮಗಂಟು ರೋಗ ರಾಜಸ್ಥಾನ, ಗುಜರಾತ್‌ಗಳಲ್ಲಿ ಆರಂಭಿಸಿದ ಸಂಹಾರ ಕರ್ನಾಟಕವನ್ನೂ ಬಿಡಲಿಲ್ಲ. ಆದ್ದರಿಂದ ಚಿಕಿತ್ಸೆಯನ್ನು ಕಡಿಮೆ ಮಾಡಿ ಎಂದು ಯಾರೂ ಹೇಳಲಾರರು. ಆದರೆ ಲಸಿಕೆಯ ಯಶಸ್ಸು ಕೂಡ ನಂಬಿಕೆಯ ಮೇಲೆ ನಿಂತಿದೆ. ಲಸಿಕೆ ಹಾಕಿಸಿದರೆ ಹಾಲು ಕಡಿಮೆಯಾದೀತು, ಗಬ್ಬ ಹೋದೀತು ಎಂದು ಹಸುವನ್ನು ಅಡಗಿಸುವವರು ಎಲ್ಲ ಊರುಗಳಲ್ಲೂ ಇದ್ದಾರೆ. ರೋಗವಿಲ್ಲದ ದಿನಗಳಲ್ಲೂ ಕೊಟ್ಟಿಗೆಗೆ ಬಂದು ಹೋಗುವ ವೈದ್ಯರ ಮಾತನ್ನು ಅವರು ಕೇಳುತ್ತಾರೆ. ವರ್ಷಕ್ಕೆರಡು ಸಲ ಸೂಜಿ ಹಿಡಿದು ಬರುವ ಅಪರಿಚಿತರ ಮಾತನ್ನು ಕೇಳುವುದಿಲ್ಲ. ಎರಡನೆಯ ಅರ್ಧವನ್ನು ಬಿಟ್ಟರೆ ಮೊದಲರ್ಧವೂ ಕುಂಟುತ್ತದೆ.

ಕೊಟ್ಟಿಗೆಯಾಚೆಗೂ ಈ ವಿದ್ಯೆಯ ಹೊಣೆ ಚಾಚಿದೆ. ದನಗಳ ನೋವು, ಬಾವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ, ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ಅವುಗಳ ಸಂತತಿಯನ್ನೇ ನಾಶದ ಅಂಚಿಗೆ ತಳ್ಳಿತು ಎಂಬುದು 2004ರಲ್ಲಿ ಸಾಬೀತಾಯಿತು. ಭಾರತ 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಗೆ ನಿಷೇಧ ಹೇರಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ರಣಹದ್ದುಗಳು ಬೆರಳೆಣಿಕೆಯಷ್ಟು ಮಾತ್ರ. ಮನುಷ್ಯರ ಚಿಕಿತ್ಸೆಗೆ ಕೊನೆಯ ಆಸರೆಯಾದ ಕೋಲಿಸ್ಟಿನ್ ಎಂಬ ಪ್ರತಿಜೈವಿಕವನ್ನು ಕೋಳಿ, ಜಾನುವಾರುಗಳಿಗೆ ನೀಡುವುದನ್ನು 2019ರಲ್ಲಿ ನಿಷೇಧಿಸಬೇಕಾಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಬೆಳಕಿಗೆ ಬಂದ ಮಂಗನಕಾಯಿಲೆ ಇಂದಿಗೂ ಮಲೆನಾಡಿನಲ್ಲಿ ಜೀವ ತೆಗೆಯುತ್ತಿದೆ. ಪ್ರಾಣಿಯ ಆರೋಗ್ಯ, ಮನುಷ್ಯನ ಆರೋಗ್ಯ, ಕಾಡಿನ ಆರೋಗ್ಯ ಬೇರೆ ಬೇರೆಯಲ್ಲ ಎಂದು ಅರಿಯಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ. ಹೀಗಿದ್ದೂ ಈ ಶಿಕ್ಷಣವನ್ನು ಎರಡನೆಯ ದರ್ಜೆಯ ವೈದ್ಯಕೀಯವೆಂದು ಕಾಣುವುದು ತಿಳಿಗೇಡಿತನ.

ಇಷ್ಟೆಲ್ಲ ಹೇಳಿ, ಯುವಕ ಯುವತಿಯರು ಹಳ್ಳಿಗೆ ಹೋಗಬೇಕೆಂದು ಉಪದೇಶ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಪೋಷಕರ ಹಿಂಜರಿಕೆಗೂ ಆಧಾರವಿದೆ. ಸರ್ಕಾರಿ ನೇಮಕಾತಿ ನಿಯಮಿತವಾಗಿ ನಡೆಯುವುದಿಲ್ಲ. ಸರ್ಕಾರಿ ಸೇವೆ ಬಹುತೇಕ ಉಚಿತವಾಗಿರುವ ಹಳ್ಳಿಯಲ್ಲಿ ಖಾಸಗಿ ವೃತ್ತಿಯಿಂದ ಬದುಕುವುದು ಕಷ್ಟ. ಬೆಂಗಳೂರಿನಲ್ಲಿ ನಾಯಿ, ಬೆಕ್ಕುಗಳ ಚಿಕಿತ್ಸಾಲಯ ತೆರೆದವರ ಸಂಪಾದನೆ ಕಣ್ಣೆದುರಿಗಿದೆ. ಸಾಕುಪ್ರಾಣಿಗಳ ವೈದ್ಯರು ಮಾಡುತ್ತಿರುವುದೂ ಒಳ್ಳೆಯ ಕೆಲಸವೇ. ಅವರನ್ನು ದೂರುವುದು ಸಲ್ಲದು. ಕಾಲೇಜುಗಳಲ್ಲಿ ಇಂದು ವಿದ್ಯಾರ್ಥಿನಿಯರ ಸಂಖ್ಯೆ ಗಣನೀಯವಾಗಿದೆ. ಹಸುವಿಗೆ ಮೇವು ಹಾಕಿ ಹಾಲು ಕರೆಯುವವರು ಹೆಚ್ಚಾಗಿ ಹೆಂಗಸರಾದ್ದರಿಂದ ಇದು ಶುಭಸೂಚನೆ. ಆದರೆ ದೂರದ ಹೋಬಳಿಯಲ್ಲಿ ಸುರಕ್ಷಿತ ವಸತಿ, ರಾತ್ರಿ ಕರೆ ಬಂದರೆ ವಾಹನ, ದೊಡ್ಡ ಪ್ರಾಣಿಯನ್ನು ಹಿಡಿದು ನಿಲ್ಲಿಸಲು ಸಹಾಯಕರು ಇಲ್ಲದೆ ಅವರಿಂದ ತ್ಯಾಗವನ್ನಷ್ಟೇ ನಿರೀಕ್ಷಿಸುವುದು ಸರಿಯಲ್ಲ.

ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಮೊದಲನೆಯದಾಗಿ, ಹಾಲು ಒಕ್ಕೂಟಗಳು ಕೆಲವು ಸಹಕಾರ ಸಂಘಗಳ ಗುಂಪಿಗೆ ಒಬ್ಬರಂತೆ ಪಶುಸಂಗೋಪನಾ ತಜ್ಞರನ್ನು ಚಿಕಿತ್ಸೆಯ ಹೊಣೆಯಿಂದ ಬೇರ್ಪಡಿಸಿ ನೇಮಿಸಲಿ. ಎರಡು ಕರುಗಳ ನಡುವಿನ ಅಂತರ ಎಷ್ಟು ತಗ್ಗಿತು, ಎಷ್ಟು ಕರು ಬದುಕಿದವು, ಲೀಟರ್ ಹಾಲಿಗೆ ಮೇವಿನ ಖರ್ಚು ಎಷ್ಟಾಯಿತು ಎಂಬುದರ ಮೇಲೆ ಅವರ ಕೆಲಸವನ್ನು ಅಳೆಯಲಿ. ಹಾಲಿನ ಲಾಭದಿಂದಲೇ ಇದರ ವೆಚ್ಚ ಭರಿಸಬಹುದು. ಎರಡನೆಯದಾಗಿ, ಇಂಟರ್ನ್‌ಶಿಪ್‌ನ ಒಂದು ಭಾಗವನ್ನು ಹಾಲು ಉತ್ಪಾದಕರ ಸಂಘವೊಂದರಲ್ಲಿ ಕಳೆಯುವಂತಾಗಲಿ. ವಿದ್ಯಾರ್ಥಿ ಹತ್ತು ಮನೆಗಳ ಹಸುಗಳನ್ನು ತಿಂಗಳುಗಟ್ಟಲೆ ಗಮನಿಸಿ ಲೆಕ್ಕ ಬರೆಯಲಿ. ಮೂರನೆಯದಾಗಿ, ಇಲಾಖೆಯ ಬಡ್ತಿ ಮತ್ತು ಮೌಲ್ಯಮಾಪನದಲ್ಲಿ ಈ ಕೆಲಸಕ್ಕೆ ಅಂಕ ಸಿಗಲಿ. ಕಾಗದಪತ್ರಗಳ ಹೊರೆಯನ್ನು ಡಿಪ್ಲೊಮಾ ಪಡೆದ ಸಹಾಯಕರಿಗೆ ಮತ್ತು ಕಚೇರಿ ಸಿಬ್ಬಂದಿಗೆ ವಹಿಸಲಿ. ನಾಲ್ಕನೆಯದಾಗಿ, ಕೃಷಿಕರ ಮಕ್ಕಳಿಗಾಗಿ ಇರುವ ಮೀಸಲು ಸ್ಥಾನಗಳ ಉದ್ದೇಶವನ್ನು ಪ್ರವೇಶದ ದಿನಕ್ಕೇ ಮುಗಿಸಬಾರದು. ಪ್ರಾಯೋಗಿಕ ಪರೀಕ್ಷೆಯಲ್ಲಿ ತಮ್ಮ ತಿಳಿವಳಿಕೆ ತೋರಿಸಿ ಒಳಬಂದ ಆ ಮಕ್ಕಳು ಐದೂವರೆ ವರ್ಷಗಳ ಬಳಿಕ ಅದೇ ಕೊಟ್ಟಿಗೆಗೆ ಉಪಯೋಗಕ್ಕೆ ಬರುವ ದಾರಿಯೊಂದು ಇರಬೇಕು.

ಇನ್ನು ಪಟ್ಟಿ ಹಿಡಿದು ಕುಳಿತ ಪೋಷಕರು ಮತ್ತು ವಿದ್ಯಾರ್ಥಿಗಳಿಗೆ ಒಂದು ಮಾತು. ಪಶುವಿಜ್ಞಾನ ಓದಿದವರಿಗೆ ಇಲಾಖೆಯ ಹುದ್ದೆಯೊಂದೇ ಗತಿಯಲ್ಲ. ಲಸಿಕೆ ತಯಾರಿಕೆ, ಪಶು ಆಹಾರ ಉದ್ಯಮ, ಕೋಳಿ ಸಾಕಣೆ, ಬ್ಯಾಂಕ್ ಮತ್ತು ವಿಮೆ, ವನ್ಯಜೀವಿ ಸಂರಕ್ಷಣೆ, ಸೇನೆಯ ಪಶುವೈದ್ಯ ದಳ, ಸಂಶೋಧನೆ ಎಲ್ಲೆಡೆ ಅವರಿಗೆ ಸ್ಥಾನವಿದೆ. ಹೈನು ತಂತ್ರಜ್ಞಾನ, ಮೀನುಗಾರಿಕೆಯಂಥ ಸೋದರ ಪದವಿಗಳೂ ಇದೇ ವಿಶ್ವವಿದ್ಯಾಲಯದಲ್ಲಿವೆ. ಆದರೆ ಎಂಬಿಬಿಎಸ್ ತಪ್ಪಿದ ಕಹಿಯನ್ನು ಹೊತ್ತು ಬರುವವರಿಗೆ ಈ ವಿದ್ಯೆ ಒಲಿಯುವುದು ಕಷ್ಟ. ರೋಗಿ ತನ್ನ ನೋವನ್ನು ಬಾಯಿಬಿಟ್ಟು ಹೇಳದ ವೃತ್ತಿ ಇದು. ಗಮನ, ತಾಳ್ಮೆ, ಸಗಣಿ ಗಂಜಲಕ್ಕೆ ಹೇಸದ ಮನಸ್ಸು ಬೇಕು. ಅವು ಇರುವ ಮಗ ಅಥವಾ ಮಗಳು ಮನೆಯಲ್ಲಿದ್ದರೆ ಈ ಪದವಿಯನ್ನು ಪಟ್ಟಿಯ ಮೊದಲ ಸಾಲಿನಲ್ಲಿ ಬರೆಯಲು ಸಂಕೋಚಪಡಬೇಕಿಲ್ಲ.

ಹಸುವಿನ ಬಾಳಿನಲ್ಲಿ ಕಾಯಿಲೆಯ ದಿನಗಳು ಕೆಲವೇ, ಆರೋಗ್ಯದ ದಿನಗಳೇ ಹೆಚ್ಚು. ಅದನ್ನು ನೆಚ್ಚಿಕೊಂಡ ಮನೆಯ ಏಳಿಗೆ ಆ ಹೆಚ್ಚಿನ ದಿನಗಳನ್ನು ಹೇಗೆ ನಡೆಸುತ್ತೇವೆ ಎಂಬುದರ ಮೇಲೆ ನಿಂತಿದೆ. ಆ ದಿನಗಳಿಗಾಗಿ ತಜ್ಞರನ್ನು ತಯಾರು ಮಾಡುತ್ತಿದ್ದೇವೆ. ಅವರಿಗೆ ಕೆಲಸ ಕೊಡುವುದಷ್ಟೇ ಬಾಕಿ ಇದೆ. ಸರ್ಕಾರವೂ ಹಾಲು ಒಕ್ಕೂಟಗಳೂ ಇದನ್ನು ಇನ್ನು ಮುಂದೂಡಬಾರದು.